ಕೂಸಿಗೆ ಮೈಲಿಗೆ ಇಲ್ಲ

“ಬೋಸುಡಿ, ಎಷ್ಟ ಸಲ ಹೇಳಬೇಕ ನಿನಗ? ಕೈ ತೊಳಕೊಂಡ ಹಿಡಿ ಕೂಸನ್ನ. ನಿಮ್ಮ ಹೊಲಸು ನಮ್ಮ ಕೂಸಿಗ್ಯಾಕ?”

ಸಾವಕಾರನ ಹೆಂಡತಿ ನೀಲಕ್ಕ ಪಡಸಾಲೆಯಿಂದ ಕೂಗಿದಾಗ ಹುಲಿಗೆವ್ವ ಆಗಲೇ ಕೈ ತೊಳೆದಿದ್ದಳು. ಇನ್ನೊಮ್ಮೆ ತೊಳೆದು ಬಂದು ಅಂಗಳದಲ್ಲಿ ಕುಳಿತಳು. ನೀಲಕ್ಕ ಮೊಮ್ಮಗನನ್ನು ತಂದು ಅವಳ ಮಡಿಲಿಗೆ ಹಾಕಿದಳು. ಹುಡುಗ ಅವಳ ಮುಖ ನೋಡಿ ನಕ್ಕ, ನಗುತ್ತಲೇ ಸೀನಿದ. ಸಿಂಬಳ ಅವಳ ತುಟಿಗೂ ಕೆನ್ನೆಗೂ ಸಿಡಿಯಿತು. ಅದನ್ನು ಯಾರೂ ಹೊಲಸು ಅನ್ನಲಿಲ್ಲ.

ಹುಲಿಗೆವ್ವ ನನ್ನ ನೆಗೆಣ್ಣಿ, ಮೈದುನ ಮಾಳಪ್ಪನ ಹೆಂಡತಿ. ಮಾಳಪ್ಪ ಗೌಂಡಿ ಕೆಲಸಕ್ಕೆ ಗೋವೆಗೆ ಹೋದವನು ದೀಪಾವಳಿಗೂ ಬಂದಿರಲಿಲ್ಲ. ನಾವಿಬ್ಬರೂ ಸಾವಕಾರನ ದನದ ಮನೆಯಲ್ಲಿ ಸಗಣಿ ಬಳಿಯುವವರು. ಕೇರಿಯವರಾದ ನಮಗೆ ಆ ಮನೆಯ ಅಂಗಳ ಗೊತ್ತು, ಹೊಸ್ತಿಲ ಆಚೆಗಿನ ನೆಲ ಗೊತ್ತಿಲ್ಲ. ಆದರೆ ಸಾವಕಾರನ ಮಗಳು ಸವಿತಾ ಹುಬ್ಬಳ್ಳಿಯಿಂದ ಕರೆತಂದ ಈ ಹುಡುಗ ನೆಗಡಿ ಹಚ್ಚಿಕೊಂಡೇ ಬಂದಿದ್ದ, ಹಗಲೆಲ್ಲ ರಚ್ಚೆ ಹಿಡಿಯುತ್ತಿದ್ದ. ಎತ್ತಿ ಎತ್ತಿ ಮನೆಯವರ ಕೈ ಸೋತವು. ಹುಲಿಗೆವ್ವನ ತೋಳಿಗೆ ಬಂದರೆ ಮಾತ್ರ ಸುಮ್ಮನಾಗುತ್ತಿದ್ದ. ಆಗ ನೀಲಕ್ಕನಿಗೆ ಹಿರಿಯರ ಮಾತು ನೆನಪಾಯಿತು.

“ಜವಳ ತಗ್ಯೂತನಕ ಕೂಸಿಗೆ ಮೈಲಿಗಿ ಇಲ್ಲ. ಹಿಡೀಲಿ ಬಿಡು,” ಎಂದಳು.

ಶಾಸ್ತ್ರ ಅವರ ಮನೆಯ ಆಕಳು, ಬೇಕಾದಾಗ ಹಿಂಡಿಕೊಳ್ಳುತ್ತಾರೆ.

ಹುಲಿಗೆವ್ವನಿಗೂ ಒಂದು ಕೂಸಿತ್ತು. ಎರಡು ತಿಂಗಳ ಹೆಣ್ಣು, ದನದ ಮನೆಯ ತೊಲೆಗೆ ಕಟ್ಟಿದ ಸೀರೆಯ ಜೋಳಿಗೆಯಲ್ಲಿ ಮಲಗಿರುತ್ತಿತ್ತು. ಅದು ಅತ್ತರೆ ನಾನು ಕರೆಯುತ್ತಿದ್ದೆ. ಅವಳು ಓಡಿಬಂದು, ಆ ಹುಡುಗನ ಮೂಗು ಒರೆಸಿದ ಸೆರಗನ್ನೇ ಮರೆ ಮಾಡಿ ಮೊಲೆ ಕೊಡುತ್ತಿದ್ದಳು. ಸಾವಕಾರನ ಕೂಸನ್ನು ಮುಟ್ಟುವ ಮೊದಲು ಕೈ ತೊಳೆಯಬೇಕೆಂದು ನಮಗೆ ಬೈದು ಬೈದು ಕಲಿಸಿದ್ದರು. ಮುಟ್ಟಿದ ಮೇಲೂ ತೊಳೆಯಬೇಕೆಂದು ಯಾರೂ ಕಲಿಸಿರಲಿಲ್ಲ.

ವಾರದೊಳಗೆ ಹುಲಿಗೆವ್ವನ ಕೂಸಿಗೆ ಕೆಮ್ಮು ಬಂತು. ಮೂಗು ಕಟ್ಟಿತು, ಆಮೇಲೆ ಮೊಲೆ ಹಿಡಿಯುವುದನ್ನೇ ಬಿಟ್ಟಿತು. ಒಂದು ಮುಂಜಾನೆ ಅಂಗಿ ಎತ್ತಿ ನೋಡಿದರೆ ಪ್ರತಿ ಉಸಿರಿಗೂ ಪಕ್ಕಡಿಯ ಎಲುಬು ಒಳಕ್ಕೆ ಸೇದಿಕೊಳ್ಳುತ್ತಿದ್ದವು.

“ದವಾಖಾನಿಗೆ ಹೋಗಿ ಬರ್ತೇನ್ರಿ ಅವ್ವಾರ,” ಎಂದಳು ಹುಲಿಗೆವ್ವ.

“ಇವನ್ನ ಯಾರ ಹಿಡೀಬೇಕ, ನಿಮ್ಮಪ್ಪ?” ಎಂದಳು ನೀಲಕ್ಕ. “ಕೇರಿ ಹೊಲಸ ತಂದ ನಮ್ಮ ಹುಡುಗಗ ನೆಗಡಿ ಹಚ್ಚಿದಾಕಿ ನೀನ. ಮ್ಯಾಲೆ ಸೂಟಿ ಬ್ಯಾರೆ ಕೇಳ್ತಿ.”

ಹುಡುಗ ಕಾರಿನಿಂದ ಸೀನುತ್ತಲೇ ಇಳಿದದ್ದನ್ನು ಓಣಿಯೆಲ್ಲ ನೋಡಿತ್ತು. ಹುಲಿಗೆವ್ವ ತನ್ನ ಕೂಸನ್ನು ಅವಚಿಕೊಂಡು ನಡೆದೇಬಿಟ್ಟಳು. ನಾನು ಸಗಣಿ ಬುಟ್ಟಿ ಅಲ್ಲೇ ಒಗೆದು ಹಿಂದೆ ಓಡಿದೆ.

ಊರ ದವಾಖಾನೆಯ ಡಾಕ್ಟರ್ ಕಿರಣಕುಮಾರ ಹಿಂದಿನ ದಿನವಷ್ಟೇ ಸಾವಕಾರನ ಮನೆಗೆ ತಾನಾಗಿ ಹೋಗಿ, ಆ ಹುಡುಗನ ನೆಗಡಿ ನೋಡಿ, ಚಹಾ ಕುಡಿದು ಬಂದಿದ್ದ. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದ.

“ಏನ್ ಮಾಡೀರಿ ಇದಕ್ಕ? ಬರಿ ಕೊಟ್ಟೀರೇನ? ಹೊಗಿ ಹಾಕೀರೇನ? ನಿಮಗ ಎಷ್ಟ ಹೇಳಿದ್ರೂ ಅಷ್ಟ.”

ಅಂಗಿ ಎತ್ತಿ ನೋಡಿದ. ಬರೆ ಇರಲಿಲ್ಲ. ಪಕ್ಕಡಿ ಕಂಡವು. ಮಾತು ಬದಲಾಯಿತು.

“ಮನ್ಯಾಗ ಯಾರಿಗೆ ನೆಗಡಿ ಐತಿ?”

“ನಮ್ಮ ಮನ್ಯಾಗ ಯಾರಿಗೂ ಇಲ್ರಿ. ನಾ ಹಿಡಿಯೂ ಹುಡುಗಗ ಐತ್ರಿ. ನಿನ್ನಿ ನೀವ ನೋಡಾಕ ಹೋಗಿದ್ರೆಲ್ಲ, ಅದಕ್ಕ.”

ಡಾಕ್ಟರ್ ಹೊರಗೆ ಓಣಿಯ ಕಡೆ ನೋಡಿ ದನಿ ತಗ್ಗಿಸಿದ. “ಅದು ವೈರಸ್. ದೊಡ್ಡ ಹುಡುಗರಿಗೆ ಮೂಗು ಸೋರಿಸಿ ಹೋಗತೈತಿ. ಇಂಥಾ ಎಳೀ ಕೂಸಿಗೆ ಎದಿಗೆ ಇಳದು ನ್ಯುಮೋನಿಯಾ ಆಗತೈತಿ. ಇದನ್ನ ಕೊಲ್ಲೂ ಔಷಧ ಇಲ್ಲ. ಆಕ್ಸಿಜನ್ ಮ್ಯಾಲೆ ಇಟ್ಟ ಕಾಯಬೇಕು, ಅದು ಇಲ್ಲಿ ಆಗೂದಲ್ಲ. ಈಗಿಂದೀಗ ಹುಬ್ಬಳ್ಳಿಗೆ ಒಯ್ರಿ. ಮತ್ತ ಸಾವಕಾರ ಮನಿ ಹೆಸರ ಎಲ್ಲೂ ತಗೀಬ್ಯಾಡ್ರಿ.”

ಆಂಬುಲೆನ್ಸಿಗೆ ಫೋನ್ ಹಚ್ಚಿದ. ಗಾಡಿ ಹೆರಿಗೆಯವಳನ್ನು ಕರೆದುಕೊಂಡು ಹೋಗಿತ್ತು. ಸಂಶಿ ಕಡೆಯಿಂದ ಹುಬ್ಬಳ್ಳಿಗೆ ಹೋಗುವ ಬಸ್ಸು ದಾಟಿ ಹೋಗಿತ್ತು, ಇನ್ನೊಂದು ಬರುವುದು ಮಧ್ಯಾಹ್ನಕ್ಕೆ. ಹುಲಿಗೆವ್ವ ಕೇಳಿಸಿಕೊಂಡು, ಬಂದ ದಾರಿಯಲ್ಲೇ ತಿರುಗಿ ನಡೆದಳು.

ಸಾವಕಾರನ ಮನೆ ಮುಂದೆ ಬಿಳಿ ಕಾರು ನಿಂತಿತ್ತು. ಹುಡುಗನ ನೆಗಡಿಯನ್ನು ಹುಬ್ಬಳ್ಳಿಯ ದೊಡ್ಡ ಡಾಕ್ಟರಿಗೆ ತೋರಿಸಲು ಸವಿತಾ ಹೊರಟಿದ್ದಳು. ಡ್ರೈವರ್ ಜಹೀರುದ್ದೀನ ಗಾಜು ಒರೆಸುತ್ತಿದ್ದ.

“ಸಾವಕಾರ್ರ, ನನ್ನ ಕೂಸಿಗೆ ಉಸಿರ ಆಡವಲ್ದರಿ. ಕಾರಿನ್ಯಾಗ ಕರಕೊಂಡ ಹೋಗ್ರಿ,” ಎಂದಳು ಹುಲಿಗೆವ್ವ.

ಸಾವಕಾರ ಅವಳನ್ನು ಅಡಿಯಿಂದ ಮುಡಿತನಕ ನೋಡಿದ. “ಕಾರಿನ್ಯಾಗ? ಟ್ರ್ಯಾಕ್ಟರ್ ಹೊಲಕ್ಕ ಗೊಬ್ಬರ ಒಯ್ದೈತಿ. ಇಳಿಸಿ ಬಂದಮ್ಯಾಲ ಅದರಾಗ ಕುಂತ ಹೋಗು.”

ಸವಿತಾಳ ಕಂಕುಳಲ್ಲಿದ್ದ ಹುಡುಗ ಹುಲಿಗೆವ್ವನನ್ನು ಕಂಡು ಎರಡೂ ಕೈ ಚಾಚಿದ. ಅವಳು ಎತ್ತಿಕೊಳ್ಳಲಿಲ್ಲ. ಅವನ ಪಕ್ಕದಿಂದಲೇ ಹೋಗಿ, ಕಾರಿನ ಹಿಂದಿನ ಬಾಗಿಲು ತೆಗೆದು, ಕೂಸಿನ ಸಮೇತ ಒಳಗೆ ಕುಳಿತಳು.

“ಇಳೀಲೇ ರಂಡಿ,” ನೀಲಕ್ಕ ಮೆಟ್ಟಿಲು ಇಳಿದು ಬಂದಳು. “ಯಾರ ಕಾರ ಅಂತ ತಿಳಕೊಂಡಿ?”

“ಕೂಸಿಗೆ ಮೈಲಿಗಿ ಇಲ್ರಿ ಅವ್ವಾರ. ನೀವ ಹೇಳಿದ್ರಿ.”

“ಕೂಸಿಗಿಲ್ಲ. ನಿನಗೈತಿ.”

“ಹಂಗಾರ ಇಳಿಸ್ರಿ,” ಎಂದಳು ಹುಲಿಗೆವ್ವ. ದನಿ ಏರಿಸಲಿಲ್ಲ. “ರಟ್ಟಿ ಹಿಡದ ಎಳದ ಇಳಿಸ್ರಿ. ನನ್ನ ಮುಟ್ಟಿ ಇಳಿಸ್ರಿ.”

ನೀಲಕ್ಕನ ಕೈ ಬಾಗಿಲವರೆಗೆ ಬಂದು ನಿಂತಿತು. ಸಾವಕಾರ ಹೆಂಡತಿಯನ್ನು ನೋಡಿದ, ಹೆಂಡತಿ ಮಗಳನ್ನು ನೋಡಿದಳು. ಓಣಿಯ ಮಂದಿ ಕಟ್ಟೆ ಬಿಟ್ಟು ಎದ್ದು ಬಂದಿದ್ದರು. ಅಷ್ಟು ಕೈಗಳಲ್ಲಿ ಒಂದೂ ಮುಂದೆ ಬರಲಿಲ್ಲ.

“ಜಹೀರಾ, ಎಳದ ಒಗೀಲೇ ಆಕಿನ್ನ,” ಎಂದ ಸಾವಕಾರ.

ಜಹೀರುದ್ದೀನ ಬಗ್ಗಿ ಒಳಗೆ ನೋಡಿದ. ಕೂಸಿನ ತುಟಿ ನೇರಳೆ ಬಣ್ಣಕ್ಕೆ ತಿರುಗಿದ್ದವು. ಅವನು ಒರೆಸುತ್ತಿದ್ದ ಅರಿವೆಯನ್ನು ಹೆಗಲಿಗೆ ಹಾಕಿಕೊಂಡು ಸ್ಟೇರಿಂಗ್ ಮುಂದೆ ಹೋಗಿ ಕುಳಿತ.

ಆಗ ನಾನು ಇನ್ನೊಂದು ಬಾಗಿಲು ತೆಗೆದೆ. ಜನ್ಮದಲ್ಲಿ ಕಾರು ಹತ್ತಿದವಳಲ್ಲ. ಅಂಗಾಲಿಗೆ ಮುಂಜಾನೆಯ ಸಗಣಿ ಹಾಗೇ ಮೆತ್ತಿಕೊಂಡಿತ್ತು. ಒರೆಸಿಕೊಳ್ಳದೆ ಒಳಗೆ ಕಾಲಿಟ್ಟೆ.

ಸಾವಕಾರ ಬಂದು ಕಾರಿಗೆ ಅಡ್ಡ ನಿಂತ. ಕಾರನ್ನಾದರೆ ಮುಟ್ಟಬಹುದಲ್ಲ, ಎರಡೂ ಕೈ ಅದರ ಮೇಲೆ ಊರಿದ. ಜಹೀರುದ್ದೀನ ಚಾವಿ ತಿರುವಿದ. ಹುಲಿಗೆವ್ವ ಅಂಗೈಯನ್ನು ಕೂಸಿನ ಎದೆಯ ಮೇಲಿಟ್ಟು ಗಾಜಿನಾಚೆ ನಿಂತ ಸಾವಕಾರನನ್ನೇ ನೋಡುತ್ತಿದ್ದಳು. ಅವಳ ಕೈಯ ಕೆಳಗೆ ಪಕ್ಕಡಿ ಒಳಕ್ಕೆ ಹೋದವು, ಹೊರಗೆ ಬರಲು ತಡ ಮಾಡಿದವು.

“ಗಾಡಿ ಹಾಯಿಸೋ ಅಣ್ಣಾ,” ಎಂದಳು.