ಎರಡಡಿ ಕಪ್ಪು ಮರಳು

ಬೆಳಿಗ್ಗೆ ಏಳೂಕಾಲಿಗೆ ಬಲೆಗಾರ್ತಿ ಕಡಲಂಚಿನ ಮರಳ ದಿಬ್ಬದ ಮೇಲೆ, ತನ್ನ ಅಡುಗೆಮನೆಯಿದ್ದ ಜಾಗದಲ್ಲಿ ಮೊದಲ ಗುಂಡಿ ತೋಡಿದಳು. ಗುಡಿಸಲುಗಳನ್ನು ಕೆಡವಿ ಹತ್ತು ದಿನವಾಗಿತ್ತು. ಕೆಡವಿಸಿದ ಅರಣ್ಯ ಇಲಾಖೆಯೇ ಅಲ್ಲಿದ್ದ ಹೆಂಗಸರನ್ನು ಗಿಡ ನೆಡಲು ಕೂಲಿಗೆ ಕರೆದಿತ್ತು. ಮೊಣಕಾಲಿಗೂ ಬಾರದ, ಮರಳಿಗಂಟಿ ಹಬ್ಬುವ, ಹಳದಿ ಹೂವಿನ ಪೊದೆ. ಮೊದಲು ಈ ಹೆಂಗಸರು ಅದರ ಮೇಲೆ ಬಲೆ ಒಣಹಾಕುತ್ತಿದ್ದರು. ಈಗ ಪಕ್ಕದಲ್ಲಿ ಫಲಕವಿತ್ತು: ‘ಇದು ಈ ತೀರದ ಮೂಲನಿವಾಸಿ. ರಕ್ಷಿಸಿ.’

ಮೂರನೇ ಏಟಿಗೆ ಮರಳು ಕಪ್ಪಾಯಿತು.

“ಏನೇ ಅದು ಹೊಲಸು?” ಮೇಸ್ತ್ರಿ ಇಣುಕಿದ.

“ಒಲೆ ಬೂದಿ. ನಮ್ಮತ್ತೆ ಕಾಲದ್ದು.”

“ಬೂದಿ ತಾಗಿದ್ರೆ ಈ ಗಿಡ ಸಾಯುತ್ತೆ. ಮುಂಡೇವಾ, ಹೋದ್ಮೇಲೂ ಹೇಸಿಗೆ ಬಿಟ್ಟೇ ಹೋಗ್ತೀರಲ್ರೇ! ಎರಡಡಿ ತೆಗ್ದು ಸಮುದ್ರಕ್ಕೆ ಸುರೀರಿ. ಮೂರು ಗಂಟೆಗೆ ಸಾಹೇಬ್ರು ಬರೋದ್ರೊಳಗೆ ಒಂದು ಚೂರು ಕಪ್ಪು ಕಾಣ್ಬಾರ್ದು.”

ಸಾಹೇಬನೆಂದರೆ ಕೋರ್ಟು ಕಳಿಸಿದ ಅಧಿಕಾರಿ. ಇಲ್ಲಿ ಜನ ಬಾಳಿದ್ದು ನಿಜವೆಂದು ಅವನು ಬರೆದರೆ ಮಾತ್ರ ಬದಲಿ ಜಾಗ. ಇದು ಎಂದಿಗೂ ಬರಿ ಮರಳೇ ಎಂದು ಇಲಾಖೆ ಹೇಳಿತ್ತು. ಕಾಗದಗಳಿದ್ದ ಟ್ರಂಕು ಗುಡಿಸಲಿನ ಜೊತೆಗೇ ಯಂತ್ರದಡಿ ಹೋಗಿತ್ತು.

ಬಲೆಗಾರ್ತಿ ಹೊತ್ತಳು, ಸುರಿದಳು, ಮತ್ತೆ ಹೊತ್ತಳು. ಅಳು ಬರಲಿಲ್ಲ. ಕುತ್ತಿಗೆ ನೋಯುತ್ತಿತ್ತು, ಅಷ್ಟೇ.

“ಎಷ್ಟು ಬೂದಿ ಅತ್ತಿಗೆ!” ಎಂದಳು ನಾದಿನಿ. “ನಮ್ಮವ್ವ ನಮಗಿಂತ ಒಲೆಗೇ ಜಾಸ್ತಿ ತಿನ್ಸಿದ್ಲು ಕಣೆ.”

ಇಬ್ಬರೂ ಮುಂದಿನ ಬುಟ್ಟಿ ಹೊತ್ತರು.

ಮೂರೂ ಹತ್ತಕ್ಕೆ ಸಾಹೇಬ ಬಂದ. ಕೊಡೆಯಡಿ ಮೇಜು ಹಾಕಿದರು.

“ಇಲ್ಲಿ ಮನೆ ಇತ್ತು ಅನ್ನೋಕೆ ಗುರುತೇನಿದೆ?”

“ಏನಿಲ್ಲ ಸಾರ್,” ಮೇಸ್ತ್ರಿ ಕೈಕಟ್ಟಿದ. “ನೋಡಿ, ಬರೀ ಮರಳು.”

ಬಲೆಗಾರ್ತಿಯ ತಲೆಯ ಮೇಲೆ ಕೊನೆಯ ಬುಟ್ಟಿಯಿತ್ತು. ಸಮುದ್ರದ ಕಡೆ ಹೊರಟವಳು ತಿರುಗಿ ಬಂದು ಅದನ್ನು ಮೇಜಿನ ಮೇಲೆ ಬೋರಲು ಹಾಕಿದಳು. ಕಪ್ಪು ಮರಳು, ಮೀನಿನ ಮುಳ್ಳು, ಗಡಿಗೆಯ ಒಂದು ಚೂರು.

“ಬರ್ಕೊಳ್ಳಿ.”

“ಏಯ್, ಬೋಳಿ!” ಮೇಸ್ತ್ರಿ ಅವಳ ಜುಟ್ಟು ಹಿಡಿದ. ಅವಳು ಅಲುಗಲಿಲ್ಲ.

“ಮೂವತ್ತೆಂಟು ವರ್ಷ ಉಂಡಿದ್ದೀವಿ ಇಲ್ಲಿ. ಬರ್ಕೊಳ್ಳಿ ಸಾಹೇಬ್ರೇ.”

ಸಾಹೇಬ ಕರವಸ್ತ್ರದಿಂದ ಕಡತ ಒರೆಸಿಕೊಂಡ. ಆಮೇಲೆ ಬರೆದು, ಗಟ್ಟಿಯಾಗಿ ಓದಿದ: “ಕೂಲಿಯಾಳುಗಳು ಹೊರಗಿನಿಂದ ಬೂದಿ ತಂದು ಸ್ಥಳವನ್ನು ಮಲಿನಗೊಳಿಸಿರುತ್ತಾರೆ.”

ಮರುದಿನ ದಿಬ್ಬಕ್ಕೆ ಯಾವ ಹೆಂಗಸೂ ಕೆಲಸಕ್ಕೆ ಹೋಗಲಿಲ್ಲ. ಆರುನೂರು ಗಿಡ ಲಾರಿಯಲ್ಲೇ ಉಳಿದವು.