ಥರ್ಲೋ ಪ್ರಾಫಿಟ್‌ನ ನೂರನಲವತ್ತಮೂರನೇ ಸುತ್ತು

“ನೋಡಮ್ಮಾ, ಒಂದೋ ನಿನ್ನ ಗಂಡನ ಕಾರು ಅರ್ಧ ನಿಮಿಷ ಎಲ್ಲೋ ನಿಂತಿತ್ತು, ಇಲ್ಲಾ ನಿನ್ನ ಪೆನ್ಸಿಲ್ಲು ನಿಂತಿತ್ತು. ಯಾವುದು ಅಂತ ನೀನೇ ಹೇಳಿಬಿಡು,” ಎಂದರು ಸುತ್ತು ಎಣಿಸುವವರ ಮುಖ್ಯಸ್ಥ ಯಾನ್ಸಿ, ಓಮಾಳ ಚೀಟಿಯ ಮೇಲೆ ಬೆರಳಿಟ್ಟು.

ಅತ್ತ ಅವಳ ಗಂಡ ಥರ್ಲೋ ಗೆದ್ದ ಕಪ್ಪನ್ನು ಹಸುಗೂಸಿನಂತೆ ಎತ್ತಿಕೊಂಡು ಫೋಟೋಕ್ಕೆ ನಿಂತಿದ್ದ. ಓಟವೇ ನಿಂತುಹೋಗಿದ್ದ ಮಹಾಯುದ್ಧದ ವರ್ಷಗಳನ್ನು ಬಿಟ್ಟರೂ ಹನ್ನೊಂದು ವರ್ಷದ ರೇಸಿನ ಬಾಳು; ಗೆಲುವು ಇದೇ ಮೊದಲು. ಹಾಗೆಂದು ಅವನು ಹೆಸರಿಲ್ಲದವನೇನಲ್ಲ. ಉತ್ತರ, ದಕ್ಷಿಣ ಎರಡು ಕ್ಯಾರೊಲಿನಾ ರಾಜ್ಯಗಳಲ್ಲೂ ಅವನ ಮೂವತ್ತೊಂಬತ್ತರ ಮಾದರಿಯ ಫೋರ್ಡು ಕಾರು ಗುದ್ದದ ಬೇಲಿ ಉಳಿದಿರಲಿಲ್ಲ. ಒಮ್ಮೆ ಅದರ ಮುಂದಿನ ಚಕ್ರ ಕಳಚಿಕೊಂಡು ಅವನಿಗಿಂತ ಮೊದಲೇ ಗೆರೆ ದಾಟಿತ್ತು. ಚಕ್ರಕ್ಕೆ ಬಹುಮಾನ ಕೊಡುವ ಪದ್ಧತಿ ಇರಲಿಲ್ಲ, ಅಷ್ಟೆ. ಇನ್ನೊಮ್ಮೆ ಕೊನೆಯ ಸುತ್ತಿನವರೆಗೂ ಮುಂದಿದ್ದು, ಜನಕ್ಕೆ ಕೈಬೀಸುವ ಭರದಲ್ಲಿ ಪಕ್ಕದ ಹಂದಿದೊಡ್ಡಿಗೆ ದಯಮಾಡಿಸಿದ್ದ.

ಕೆಮ್ಮಣ್ಣಿನ ಮೈದಾನದ ಈ ಕಾರು ಓಟದಲ್ಲಿ ಪ್ರತಿ ಚಾಲಕನೂ ತನ್ನ ಸುತ್ತು ಬರೆಯುವವರನ್ನು ತಾನೇ ಕರೆತರಬೇಕು. ಸಂಬಳವಿಲ್ಲದೆ ಬಿಸಿಲಲ್ಲಿ ಕೂರಲು ಒಪ್ಪುವವರು ಹೆಂಡತಿಯರು ಮಾತ್ರ. ಹೆಂಗಸರು ಕಾರಿನ ಹತ್ತಿರ ಸುಳಿದರೆ ಅಪಶಕುನ. ಸೋಲು ಗೆಲುವು ಬರೆಯುವ ಪೆನ್ಸಿಲ್ಲು ಅವರ ಕೈಲಿದ್ದರೆ ಶಕುನಕ್ಕೇನೂ ಬಾಧೆಯಿಲ್ಲ! ಗಂಡ ಎದುರು ಹಾದಾಗಲೆಲ್ಲ ದೊಡ್ಡ ಗಡಿಯಾರ ನೋಡಿ ಸಮಯ ಗೀಚಬೇಕು. ಓಮಾಳ ಚೀಟಿಯಲ್ಲಿ ಮೂವತ್ತು ಸೆಕೆಂಡಿಗೊಂದರಂತೆ ನೂರನಲವತ್ತೆರಡು ಸುತ್ತು ಸರಿಯಾಗಿದ್ದವು. ಆಮೇಲೆ ಪೂರ್ತಿ ಒಂದು ನಿಮಿಷದ ಕಂದಕ. ಇನ್ನೂರು ಸುತ್ತಿನ ಓಟಕ್ಕೆ ಎಲ್ಲ ಸೇರಿ ನೂರತೊಂಬತ್ತೊಂಬತ್ತು. ಥರ್ಲೋನ ಹಿಂದೆಯೇ ಬಂದ ಕಾಯ್ ಸ್ಟ್ರೌಡನ ಹೆಂಡತಿ ನೆಟಿಯ ಚೀಟಿಯಲ್ಲಿ ಇನ್ನೂರೂ ಇದ್ದವು.

ಥರ್ಲೋ ಕಪ್ಪಿನ ಸಮೇತ ಓಡಿಬಂದ. “ಪೆನ್ಸಿಲ್ ಮುರೀತು ಅಂತ ಹೇಳೇ! ಯಾನ್ಸಿ ಸಾಹೇಬ್ರೇ, ನನ್ನ ಓಮಾ ರೆಪ್ಪೆ ಬಡಿಯೋಳಲ್ಲ. ಊರೆಲ್ಲ ಕೇಳಿ ಬೇಕಾದ್ರೆ.”

ಊರಿಗೆಲ್ಲ ಹಾಗೆ ಹೇಳಿಕೊಂಡು ಬಂದವನು ಅವನೇ. ಓಮಾ ಕೈಲಿದ್ದ ಪೆನ್ಸಿಲ್ಲು ನೋಡಿಕೊಂಡಳು. ಹಲ್ಲಿನ ಗುರುತು ಬಿಟ್ಟರೆ ಗಟ್ಟಿಮುಟ್ಟಾಗಿತ್ತು.

“ಕಣ್ಣು ಮುಚ್ಕೊಂಡಿದ್ದೆ,” ಎಂದಳು.

“ಏನಂದೆ?” ಎಂದ ಥರ್ಲೋ.

“ಮೂರನೇ ತಿರುವಲ್ಲಿ ಎರಡು ಕಾರು ಮಗುಚಿದ್ವಲ್ಲ, ಆ ಧೂಳಲ್ಲಿ ಒಂದು ನಿಂದೇ ಅನ್ಕೊಂಡೆ.”

“ಅವನು ಹಾದು ಹೋದ ಸಾಹೇಬ್ರೇ,” ಎಂದು ನೆಟಿ ನಡುವೆ ನುಗ್ಗಿದಳು. “ನಮ್ಮ ಕಾಯ್ ಅವನ ಬಾಲಕ್ಕೇ ಅಂಟ್ಕೊಂಡಿದ್ದ. ಎಡಗೈಲಿ ಇವಳ ಕೈ ಹಿಡ್ಕೊಂಡು ಬಲಗೈಲಿ ನಂದು ಬರ್ಕೊಂಡೆ. ಇವಳದ್ದೂ ಬರೀತಿದ್ದೆ, ಪೆನ್ಸಿಲ್ ಇವಳ ಹಲ್ಲಲ್ಲಿತ್ತು.”

“ಲೇ ನೆಟಿ, ನೀನು ಯಾರ ಹೆಂಡ್ತಿ?” ಎಂದು ಅವಳ ಹಿಂದೆಯೇ ಬಂದಿದ್ದ ಕಾಯ್ ಕಿರುಚಿದ.

“ಅದನ್ನ ಮನೇಗೆ ಹೋಗಿ ತೀರ್ಮಾನ ಮಾಡೋಣ. ಸದ್ಯಕ್ಕೆ ನೀನು ಎರಡನೆಯೋನು.”

ಯಾನ್ಸಿ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು. ನ್ಯಾಯ ಇಷ್ಟು ಹತ್ತಿರ ಬಂದಾಗಲೆಲ್ಲ ಅವರು ಹಾಗೆ ಮಾಡುತ್ತಿದ್ದರು. “ಚೀಟೀಲಿ ಇರೋದೇ ಓಟ ಕಣಮ್ಮಾ. ಪಕ್ಕದೋರು ನೋಡಿದ್ದಕ್ಕೆ ಅಲ್ಲಿ ಜಾಗ ಇಲ್ಲ.”

ಹೀಗೆ, ಇನ್ನೂರು ಸುತ್ತು ಓಡಿದ ಥರ್ಲೋ ನೂರತೊಂಬತ್ತೊಂಬತ್ತು ಓಡಿದವನಾದ. ಕಪ್ಪು ಕಾಯ್‌ನ ಕೈ ಸೇರಿತು. ಫೋಟೋದವನು ಮೊದಲಿನಷ್ಟೇ ಸಂಭ್ರಮದಿಂದ ಇನ್ನೊಂದು ಫೋಟೋ ತೆಗೆದ. ಅವನಿಗೆ ಕಪ್ಪು ನೆಟ್ಟಗಿದ್ದರೆ ಸಾಕಿತ್ತು.

ಥರ್ಲೋ ಹೆಂಡತಿಯ ಕಡೆ ತಿರುಗಿ ಕೇಳಿದ: “ಇವತ್ತೊಂದೇ ದಿನಾನಾ?”

“ಮೂರನೇ ತಿರುವಿಗೆ ಯಾವಾಗ್ಲೂ ಮುಚ್ತೀನಿ. ನಿನ್ನ ಇಂಜಿನ್ ಸದ್ದು ಹತ್ರ ಬಂದಾಗ ತೆಗೀತೀನಿ. ಇವತ್ತು ತೆಗೆಯೋಕೆ ಧೈರ್ಯ ಬರ್ಲಿಲ್ಲ.”

“ಹಂಗಾದ್ರೆ ಹನ್ನೊಂದು ವರ್ಷ ನಾನು ಅಲ್ಲಿ ಮಾಡಿದ ಸಾಹಸ ಎಲ್ಲ ಯಾರು ನೋಡಿದ್ದು?”

“ಹಂದಿಗಳು ನೋಡಿವೆ, ಬಿಡು.”

ಫೋರ್ಡಿನಲ್ಲಿ ಚಾಲಕನದು ಬಿಟ್ಟರೆ ಬೇರೆ ಸೀಟಿರಲಿಲ್ಲ. ಥರ್ಲೋ ಒಂದು ಸೇಬಿನ ಪೆಟ್ಟಿಗೆ ಮಗುಚಿ ಹಾಕಿ, ಅದರ ಮೇಲೆ ತನ್ನ ಕೋಟು ಮಡಿಸಿಟ್ಟು, ಅವಳನ್ನು ಕೂರಿಸಿದ. ಊರಿನ ರಸ್ತೆಗೆ ಇಳಿದ ಮೇಲೂ ಅವನ ಕಾಲು ಆಕ್ಸಿಲರೇಟರನ್ನು ಜೋರಾಗಿ ಒತ್ತಲಿಲ್ಲ. ಎರಡು ಮೈಲಿ ಹೋಗುವಷ್ಟರಲ್ಲಿ, ಹುಲ್ಲು ಹೇರಿಕೊಂಡ ಟ್ರ್ಯಾಕ್ಟರೊಂದು ಹಿಂದಿನಿಂದ ಹಾರನ್ ಬಾರಿಸಿ ಅವರನ್ನು ದಾಟಿಕೊಂಡು ಹೋಯಿತು.