ಥೋರ್ಪ್ ಚಿತ್ರದ ಅಂಚು

"ಕೆಳಗಿನ ಅಂಚು ಎಲ್ಲಿ?" ವಿನಿಫ್ರೆಡ್ ಕೇಳಿದಳು.

ಮೆಲ್ಟನ್ ಪೇಟೆಯಲ್ಲಿ ಚಿತ್ರಗಳಿಗೆ ಕಟ್ಟು ಹಾಕುವ ಪ್ರಿಡ್ಮೋರ್ ಗೋಡೆಯತ್ತ ಕೈ ತೋರಿಸಿದ. "ಹನ್ನೊಂದು ಚಿತ್ರಾನೂ ಒಂದೇ ಅಳತೆ ನೋಡಿ, ಮಿಸೆಸ್ ಡ್ರೇಕಾಟ್. ಸಾಲಾಗಿ ತೂಗುಹಾಕ್ಬೇಕು ಅಂತ ನೀವೇ ಹೇಳಿದ್ರಲ್ಲ."

ಥೋರ್ಪ್ ಬರೆದ ಬೇಟೆಯ ಚಿತ್ರ ಆ ಸೀಮೆಯಲ್ಲಿ ಯಾರ ಮನೆಯಲ್ಲಿಲ್ಲ? ಕೆಂಪು ಕೋಟು, ಕೆಸರು, ಬೇಲಿ ಹಾರುವ ಕುದುರೆ. ದೊಡ್ಡಮನೆಯಲ್ಲಿ ಅಡುಗೆ ಮಾಡಿಕೊಂಡಿದ್ದ ಮೂವತ್ತು ವರ್ಷದಲ್ಲಿ ವಿನಿಫ್ರೆಡ್ ಹರಾಜಿನಿಂದ ಹರಾಜಿಗೆ ಅಲೆದು ಆ ಚಿತ್ರಗಳ ಹತ್ತು ಅಚ್ಚುಪ್ರತಿಗಳನ್ನು ಕೂಡಿಹಾಕಿದ್ದಳು. ಎಲ್ಲ ಹನ್ನೊಂದನೆಯದಕ್ಕೆ ಜೊತೆಯಾಗಲಿ ಎಂದು. ಅದು ಅವಳ ಅಪ್ಪ ಜೆಮ್‌ನದು. ಅವನು ಅದೇ ಮನೆಯ ಲಾಯದಲ್ಲಿದ್ದವನು. ಒಮ್ಮೆ ಮಳೆಯಲ್ಲಿ ದಿನವಿಡೀ ಥೋರ್ಪ್‌ನ ಕುದುರೆ ಹಿಡಿದು ನಿಂತಿದ್ದಕ್ಕೆ ಆ ಚಿತ್ರಕಾರ ಅವನಿಗೊಂದು ಅಚ್ಚು ಕೊಟ್ಟು, ಕೆಳಗಿನ ಬಿಳಿ ಅಂಚಿನಲ್ಲಿ ಪೆನ್ಸಿಲ್ಲಿನಿಂದ ಅವನನ್ನೇ ಬರೆದಿದ್ದ. ಹೆಬ್ಬೆರಳಷ್ಟು ಮನುಷ್ಯ, ಕೈಯಲ್ಲಿ ಲಗಾಮು. ದೊಡ್ಡಮನೆಯಲ್ಲಿ ನಾಯಿಗಳಿಗೂ ಫೋಟೋ ಇತ್ತು, ಜೆಮ್‌ಗೆ ಇರಲಿಲ್ಲ. ಅವನ ಮುಖ ಉಳಿದದ್ದು ಆ ಅಂಚಿನಲ್ಲಿ ಮಾತ್ರ.

"ಪೆನ್ಸಿಲ್‌ನಲ್ಲಿ ಏನೋ ಗೀಚಿತ್ತು. ಕತ್ತರಿಸಿ ಚೊಕ್ಕಟ ಮಾಡ್ದೆ."

"ಗೀಚಿತ್ತಾ? ನಮ್ಮಪ್ಪ ಕಣಯ್ಯಾ ಅದು! ಅಳತೆ ಒಂದೇ ಇರ್ಲಿ ಅಂದೆ, ಅಪ್ಪನ್ನ ಕತ್ತರಿಸು ಅಂದೆನಾ? ಮೂಗಿಗಿಂತ ಮೂಗುತಿ ಭಾರ ಆಯ್ತಾ ನಿಂಗೆ? ಎಲ್ಲಿ ಹಾಕ್ದೆ ಹೇಳು!"

ಪ್ರಿಡ್ಮೋರ್ ಮೇಜಿನ ಮೇಲಿದ್ದ ದೊಡ್ಡ ಚಿತ್ರದ ಕಡೆ ನೋಡಿದ. ದೊಡ್ಡಮನೆಯ ಯಜಮಾನರಾದ ಕರ್ನಲ್ ಕಟ್ಟು ಹಾಕಲು ಕೊಟ್ಟಿದ್ದು. "ಇದು ಕಟ್ಟಿನೊಳಗೆ ಅಲ್ಲಾಡ್ತಿತ್ತು. ಆ ಕಾಗದ ಒಳ್ಳೇ ದಪ್ಪ ನೋಡಿ, ಮಡಚಿ ಹಿಂದೆ ಸಿಗಿಸ್ದೆ."

ವಿನಿಫ್ರೆಡ್‌ಗೆ ಮೈಯೆಲ್ಲ ಉರಿಯಿತು. ಬದುಕಿದ್ದಷ್ಟು ದಿನ ಆ ಮನೆಯ ಕುದುರೆಗಳು ಅಲುಗದಂತೆ ಹಿಡಿದವನು, ಸತ್ತ ಮೇಲೂ ಅವರ ಚಿತ್ರ ಅಲುಗದಂತೆ ಹಿಡಿದಿರಬೇಕೇ!

"ತೆಗಿ."

"ಸಾಹೇಬ್ರು ಈಗ ಬಂದ್ಬಿಡ್ತಾರೆ..."

"ಬರ್ಲಿ. ಅವರಪ್ಪನೂ ಬರ್ಲಿ!"

ಅವನು ಮೀನಮೇಷ ಎಣಿಸುತ್ತಿದ್ದಂತೆ ಅವಳೇ ಇಕ್ಕಳ ತೆಗೆದುಕೊಂಡು ಹಿಂಬದಿಯ ಮೊಳೆಗಳನ್ನು ಕಿತ್ತಳು. ಮೂರು ಮಡಿಕೆಯಾಗಿದ್ದ ಕಾಗದದ ಪಟ್ಟಿ ಹೊರಬಂತು. ಒಂದು ಮಡಿಕೆ ಜೆಮ್‌ನ ಬೆನ್ನಿನ ಮೇಲೇ ಹಾದಿತ್ತು. ಮುಖಕ್ಕೇನೂ ಆಗಿರಲಿಲ್ಲ. ಅದನ್ನು ಪ್ರಾರ್ಥನೆ ಪುಸ್ತಕದೊಳಗಿಟ್ಟು ಕೈಚೀಲಕ್ಕೆ ಹಾಕಿಕೊಂಡಳು. ಅಷ್ಟರಲ್ಲಿ ಪ್ರಿಡ್ಮೋರ್ ಗಡಿಬಿಡಿಯಿಂದ ಮೊಳೆಗಳನ್ನು ಮತ್ತೆ ಹೊಡೆದ.

ಬಾಗಿಲ ಗಂಟೆ ಟಣ್ಣೆಂದಿತು. ಕರ್ನಲ್ ಒಳಗೆ ಬಂದವರೇ ಚಿತ್ರವನ್ನು ಎತ್ತಿಕೊಂಡರು. ಗಾಜು ಗಡಗಡ ಎಂದಿತು.

"ಏನಯ್ಯಾ, ಇನ್ನೂ ಅಲ್ಲಾಡ್ತಿದೆಯಲ್ಲ?"

ಪ್ರಿಡ್ಮೋರ್ ವಿನಿಫ್ರೆಡ್‌ಳ ಮುಖ ನೋಡಿದ. ಅವಳು ಆಗಲೇ ಹೊಸ್ತಿಲಲ್ಲಿದ್ದಳು. ಎರಡೂ ಕೈಯಲ್ಲಿ ಚಿತ್ರ ಹಿಡಿದು ಹೊರಟ ಕರ್ನಲ್ ಅವಳನ್ನು ಕಂಡು, "ಓ, ವಿನಿ! ಬಾಗಿಲು ಸ್ವಲ್ಪ ಹಿಡ್ಕೋ," ಎಂದರು.

ವಿನಿಫ್ರೆಡ್ ಕೈಚೀಲವನ್ನು ಎದೆಗವುಚಿಕೊಂಡು ಬೀದಿಗಿಳಿದಳು. ಬಾಗಿಲು ಅವಳ ಹಿಂದೆ ತಾನಾಗಿ ಮುಚ್ಚಿಕೊಂಡಿತು.